ಬಿಟ್ಟ ಹೊಗೆಯನ್ನೇ ಮತ್ತೆ ಸೇದುವ ಎಂಜಿನು

ಕಳೆದ ಶ್ರಾವಣದಲ್ಲಿ ಕುಂದಗೋಳದ ಅಣ್ಣನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುವ ಪ್ರಸಂಗ ಒದಗಿತು. ಬೆಳಗಿನ ಐದೂವರೆಗೆ ನನಗೆ ಎಚ್ಚರವಾದುದು ಕೋಳಿಯ ಕೂಗಿನಿಂದಲ್ಲ, ಅಂಗಳದಲ್ಲಿ ಗುಡುಗುಡಿಸುತ್ತಿದ್ದ ಡೀಸೆಲ್ ಗಾಡಿಯ ಸದ್ದಿನಿಂದ. ಅಣ್ಣನ ಮಗ ಏಳು ಸೀಟಿನ ಗಾಡಿಯೊಂದನ್ನು ಇಟ್ಟುಕೊಂಡು ಹುಬ್ಬಳ್ಳಿಗೆ ಬಾಡಿಗೆ ಹೊಡೆಯುತ್ತಾನೆ. 2018ರಲ್ಲಿ ಸಾಲಮಾಡಿ ಕೊಂಡ ಗಾಡಿ. ಸಾಲವೇನೋ ತೀರಿದೆ, ಆದರೆ ಸಾಲ ತೀರುವ ಹೊತ್ತಿಗೆ ಸರಿಯಾಗಿ ಗಾಡಿಗೆ ಮುಪ್ಪು ಬರುವುದು ಲೋಕದ ನಿಯಮವೆಂದು ತೋರುತ್ತದೆ.

“ಕಾಕಾ, ಏರಿನ್ಯಾಗ ಎಳೀವಲ್ದು ನೋಡ್ರಿ. ಮಂದಿ ತುಂಬಿದ್ರಂತೂ ಮುಗದಽ ಹೋತು. ಹಿಂದ ಕರೀ ಹೊಗಿ ಬ್ಯಾರೆ,” ಎಂದು ಅವನು ಚಹದ ಹೊತ್ತಿಗೆ ಗೋಳು ತೋಡಿಕೊಂಡ.

ಯಂತ್ರಗಳ ವಿಷಯದಲ್ಲಿ ಮೂಗು ತೂರಿಸುವ ನನ್ನ ಚಪಲ ಓದುಗರಿಗೆ ಹೊಸದಲ್ಲ. ಅವನೊಡನೆ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಬಾನೆಟ್ಟನ್ನು ಎತ್ತಿ, ಎಂಜಿನಿನ ಮಗ್ಗುಲಿನ ಒಂದು ಕೊಳವೆಯನ್ನು ಬಿಚ್ಚಿ, ಮುಷ್ಟಿಗಾತ್ರದ ಕವಾಟವೊಂದನ್ನು ಹೊರತೆಗೆದು ನನ್ನ ಕೈಯಲ್ಲಿಟ್ಟ. ಅದರ ಒಳಗೆಲ್ಲ ಚಕ್ಕಡಿಯ ಕೀಲೆಣ್ಣೆಯಂತಹ ಕರಿಯ ಜಿಡ್ಡು ಮೆತ್ತಿಕೊಂಡು, ಬಾಗಿಲು ಮುಚ್ಚಲೂ ಆರದೆ ತೆರೆಯಲೂ ಆರದೆ ಅರೆಗಣ್ಣಾಗಿ ನಿಂತಿತ್ತು.

“ಇದಽ ನೋಡ್ರಿ ಸಾಹೇಬ್ರ, ಇಜಿಆರ್ ಅಂತಾರ. ಸೈಲೆನ್ಸರಿಗೆ ಹೋಗೋ ಹೊಲಸ ಹೊಗಿ ತಂದು ಮತ್ತ ಎಂಜಿನ್ನಿಗೇ ಕುಡಸ್ತೈತಿ. ಯಾವ ಪುಣ್ಯಾತ್ಮ ಮಾಡ್ಯಾನೋ! ನಡುವ ಒಂದು ಪ್ಲೇಟ್ ಹಾಕಿ ಬಂದ್ ಮಾಡಿ ಬಿಡ್ತೀನಿ. ಆರುನೂರು ರೂಪಾಯಿ ಕೊಡ್ರಿ. ಗಾಡಿ ಹೊಸಾದರಂಗ ಎಳೀತೈತಿ, ಹೊಗಿನೂ ಕಮ್ಮಿ ಆಕ್ಕೈತಿ.”

ಬಿಚ್ಚಿ ತೊಳೆದು ಮರಳಿ ಜೋಡಿಸಬೇಕಾದರೆ ಎರಡೂವರೆ ಸಾವಿರ, ಜೊತೆಗೆ ಒಂದು ದಿನದ ಬಾಡಿಗೆ ಮುಳುಗಡೆ; ಹೊಸ ಕವಾಟವೇ ಬೇಕೆಂದರೆ ಹದಿನಾಲ್ಕು ಸಾವಿರ. ಹುಡುಗನ ಮುಖ ಆರುನೂರರ ಕಡೆಗೇ ತಿರುಗಿದುದರಲ್ಲಿ ಆಶ್ಚರ್ಯವಿಲ್ಲ. ಮನೆಗೆ ಬಂದು ಹೇಳಿದಾಗ ವೈನಿಯವರ ತೀರ್ಪೂ ಅದೇ ಆಯಿತು. ಅವರ ಮೊಮ್ಮಗಳಿಗೆ, ಆರು ವರ್ಷದ ಕೂಸಿಗೆ, ಉಬ್ಬಸದ ಬಾಧೆ. ಅದು ಮಲಗುವ ಕೋಣೆಯ ಕಿಟಕಿ ಇರುವುದು ಅಂಗಳದ ಕಡೆಗೆ. “ಹೊಗಿ ಕಮ್ಮಿ ಆಗ್ತದಂದ್ರ ಹಾಕಿಸೇ ಬಿಡ್ಲಿ. ಕೂಸಿಗೂ ಛಲೋ,” ಎಂದರು ವೈನಿ.

ಇದಕ್ಕೆ ಏನು ಹೇಳಬೇಕು? ಮಿಸ್ತ್ರಿ ಹೇಳಿದುದರಲ್ಲಿ ಒಂದು ಮಾತೂ ಸುಳ್ಳಲ್ಲ. ಹಲಗೆ ಹಾಕಿದರೆ ಗಾಡಿ ಎಳೆಯುತ್ತದೆ. ಕಪ್ಪು ಹೊಗೆಯೂ ಇಳಿಯುತ್ತದೆ. ಆದರೂ ಕೂಸಿನ ಕಿಟಕಿಯ ಬಳಿಯ ಗಾಳಿ ಕೆಡುತ್ತದೆ. ಅದು ಹೇಗೆಂಬುದನ್ನು ಅಂದು ಸಂಜೆ ವೈನಿಯವರಿಗೆ ಒಲೆಯ ಮುಂದೆ ಕುಳಿತು ವಿವರಿಸಿದೆ. ಅದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಇವೆರಡೂ ಒಂದೇ ಮನೆಯಲ್ಲಿದ್ದು ಪರಸ್ಪರ ಮಾತನಾಡದ ಓರಗಿತ್ತಿಯರಂತೆ ಯುಗಯುಗಗಳಿಂದ ಬಾಳುವೆ ಮಾಡಿಕೊಂಡು ಬಂದಿವೆ. ಆದರೆ ಉಷ್ಣತೆ 1,500 ಡಿಗ್ರಿ ಸೆಂಟಿಗ್ರೇಡನ್ನು ದಾಟಿತೆಂದರೆ ಇವುಗಳಿಗೆ ಸ್ನೇಹ ಹುಟ್ಟುತ್ತದೆ. ಮುಂದೆ ಬೆಂಕಿ ಏರಿದಷ್ಟೂ ಆ ಸ್ನೇಹ ಬಹು ವೇಗವಾಗಿ ಬೆಳೆಯುತ್ತದೆ. ಡೀಸೆಲ್ ಎಂಜಿನಿನ ಒಳಗೆ ಒತ್ತಿ ಹಿಡಿದ ಗಾಳಿಯಲ್ಲಿ ಉರಿಯುವ ಜ್ವಾಲೆ 2,000 ಡಿಗ್ರಿಗೂ ಮೀರುತ್ತದೆ. ಆಗ ಹುಟ್ಟುವುವೇ ಸಾರಜನಕದ ಆಕ್ಸೈಡುಗಳು. ಇವು ಇಂಧನದ ಕೊಳೆಯಿಂದ ಹುಟ್ಟಿದುವಲ್ಲ. ಎಷ್ಟೇ ಶುದ್ಧವಾದ ಡೀಸೆಲ್ಲನ್ನು ಹಾಕಿ, ಎಷ್ಟೇ ಚೆನ್ನಾಗಿ ಉರಿಸಿ, ಚೆನ್ನಾಗಿ ಉರಿದಷ್ಟೂ ಇವು ಹೆಚ್ಚು. ಸೈಲೆನ್ಸರಿನ ತುದಿಯಲ್ಲಿ ಇವು ಕಣ್ಣಿಗೆ ಕಾಣುವುದೇ ಇಲ್ಲ. ಇವುಗಳ ಪೈಕಿ ನೈಟ್ರೋಜನ್ ಡೈ ಆಕ್ಸೈಡೆಂಬುದು ಶ್ವಾಸನಾಳವನ್ನು ಕೆರಳಿಸುತ್ತದೆ. ಉಬ್ಬಸವಿರುವವರ ಉಬ್ಬಸವನ್ನು ಹೆಚ್ಚಿಸುತ್ತದೆ.

ಹಾಗಾದರೆ ಬೆಂಕಿಯನ್ನು ಆರಿಸದೆ ಅದರ ಉಗ್ರತೆಯನ್ನು ಮಾತ್ರ ಇಳಿಸುವುದು ಹೇಗೆ? ನಮ್ಮ ಅಜ್ಜಿಯಂದಿರಿಗೆ ಇದು ತಿಳಿದಿತ್ತು. ರಾತ್ರಿ ಮಲಗುವ ಮುನ್ನ ಕೆಂಡದ ಮೇಲೆ ಬೂದಿಯನ್ನು ಎಳೆಯುತ್ತಿದ್ದರು. ಬೂದಿಯೆಂದರೇನು? ಆಗಲೇ ಸುಟ್ಟು ಹೋದುದು; ಮತ್ತೆ ಸುಡಲಾರದುದು. ಅದು ಕೆಂಡಕ್ಕೆ ಗಾಳಿಯನ್ನು ಮಿತಗೊಳಿಸುತ್ತದೆ. ಬೆಂಕಿ ಸಾಯದೆ ಸೌಮ್ಯವಾಗಿರುತ್ತದೆ. ಎಂಜಿನಿಗೆ ಇಂಥ ಬೂದಿ ಎಲ್ಲಿಂದ ತರಬೇಕು? ಅದರ ಹೊಗೆಯೇ ಬೂದಿ. ಸುಟ್ಟು ಹೊರಬರುವ ಅನಿಲದಲ್ಲಿ ಇಂಗಾಲದ ಡೈ ಆಕ್ಸೈಡು, ನೀರಿನ ಆವಿ ಮತ್ತು ಸಾರಜನಕ ತುಂಬಿರುತ್ತವೆ. ಅದರ ಒಂದು ಪಾಲನ್ನು ಕೊಳವೆಯ ಮೂಲಕ ತಿರುಗಿಸಿ ಒಳಹೋಗುವ ಗಾಳಿಗೆ ಬೆರೆಸಿದರೆ ಆಮ್ಲಜನಕದ ಪ್ರಮಾಣ ಇಳಿಯುತ್ತದೆ, ಬೆರೆತ ಅನಿಲಗಳು ತಾವು ಉರಿಯದೆ ಶಾಖವನ್ನಷ್ಟೇ ಹೀರಿಕೊಳ್ಳುತ್ತವೆ, ಜ್ವಾಲೆ ತಣ್ಣಗಾಗುತ್ತದೆ, ಸಾರಜನಕವೂ ಆಮ್ಲಜನಕವೂ ಮತ್ತೆ ಮಾತು ಬಿಡುತ್ತವೆ. ಇಜಿಆರ್ ಎಂಬ ಮೂರಕ್ಷರದ ಹಿಂದಿರುವ ತತ್ತ್ವ ಇಷ್ಟೇ. ಹೊಗೆಯ ಮರುಚಲಾವಣೆ ಎಂದು ನಾವು ಕರೆಯೋಣ. ಎಂಜಿನಿನ ಮೇಲೆ ಭಾರ ಕಡಮೆಯಿದ್ದಾಗ ಡೀಸೆಲ್ ಗಾಡಿಗಳಲ್ಲಿ ಒಳಹೋಗುವುದರ ಅರ್ಧದ ಸಮೀಪದವರೆಗೂ ಹೀಗೆ ಮರಳಿ ಬಂದ ಹೊಗೆಯೇ ಇರುವುದುಂಟು. ಬರುವ ದಾರಿಯಲ್ಲಿ ಅದನ್ನು ನೀರಿನಿಂದ ತಂಪುಗೊಳಿಸುವ ಏರ್ಪಾಡೂ ಇರುತ್ತದೆ. ತಂಪಾದ ಹೊಗೆ ಇನ್ನೂ ಚೆನ್ನಾಗಿ ಕೆಲಸಮಾಡುತ್ತದೆ.

“ಅಂದ್ರ ಮಸಿ ಯಾಕ ಬರ್ತದ?” ಎಂದು ವೈನಿ ನಡುವೆ ಕೇಳಿದರು. ಸರಿಯಾದ ಪ್ರಶ್ನೆ.

ತೊಡಕಿರುವುದು ಅಲ್ಲಿಯೇ. ಆಮ್ಲಜನಕ ಕಡಮೆಯಾದಾಗ ಡೀಸೆಲ್ಲಿನ ಹನಿಗಳು ಪೂರ್ತಿ ಉರಿಯದೆ ಇಂಗಾಲದ ಕಣಗಳಾಗಿ ಉಳಿಯುತ್ತವೆ. ಬೆಂಕಿಯನ್ನು ಜೋರುಮಾಡಿದರೆ ಕಾಣದ ವಿಷ ಹೆಚ್ಚು. ಮಂದಮಾಡಿದರೆ ಕಾಣುವ ಮಸಿ ಹೆಚ್ಚು. ಡೀಸೆಲ್ ಎಂಜಿನಿನ ಶಿಲ್ಪಿಗಳು ದಶಕಗಳಿಂದ ಈ ತಕ್ಕಡಿಯ ಎರಡು ತಟ್ಟೆಗಳ ನಡುವೆ ತಿಣುಕುತ್ತಿದ್ದಾರೆ. ಮಿಸ್ತ್ರಿಯ ಆರುನೂರು ರೂಪಾಯಿಯ ಹಲಗೆ ಮಾಡುವುದೇನೆಂದರೆ ತಕ್ಕಡಿಯನ್ನು ಪೂರಾ ಒಂದು ಕಡೆಗೆ ವಾಲಿಸಿಬಿಡುವುದು. ಮಸಿ ಇಳಿದುದನ್ನು ನೋಡಿ ಮನೆಯವರು ಸಂತೋಷಪಡುತ್ತಾರೆ. ಮಸಿಯ ಬದಲಿಗೆ ಬಂದುದು ಅವರಿಗೆ ಕಾಣುವುದಿಲ್ಲ.

ಮಿಸ್ತ್ರಿಯ ವಾದದಲ್ಲಿ ಇನ್ನೊಂದು ಬಿರುಕು ಉಂಟು. ಈ ಕವಾಟ ಸದಾ ತೆರೆದಿರುವ ಬಾಗಿಲಲ್ಲ. ಗಾಡಿಯೊಳಗಿನ ಗಣಕ ಯಂತ್ರ ಅದನ್ನು ಕ್ಷಣಕ್ಷಣಕ್ಕೂ ತೆರೆದು ಮುಚ್ಚುತ್ತಿರುತ್ತದೆ. ಸಮತಟ್ಟಿನ ದಾರಿಯಲ್ಲಿ ಹಗುರವಾಗಿ ಸಾಗುವಾಗ ತೆರೆಯುತ್ತದೆ. ಏರಿನಲ್ಲಿ ಚಾಲಕ ಪೆಡಲನ್ನು ಪೂರ್ತಿ ಒತ್ತಿದನೆಂದರೆ ಮುಚ್ಚಿ ಎಲ್ಲ ಗಾಳಿಯನ್ನೂ ಎಂಜಿನಿಗೆ ಬಿಟ್ಟುಕೊಡುತ್ತದೆ. ಸುಸ್ಥಿತಿಯಲ್ಲಿರುವ ಕವಾಟ ಏರಿನಲ್ಲಿ ಎಳೆತವನ್ನು ಕಸಿದುಕೊಳ್ಳುವುದೇ ಇಲ್ಲ! ನಮ್ಮ ಹುಡುಗನ ಗಾಡಿ ಸೋತುದು ಇಜಿಆರ್ ಇದ್ದುದರಿಂದಲ್ಲ, ಅದು ಜಿಡ್ಡುಗಟ್ಟಿ ಅರ್ಧ ತೆರೆದು ನಿಂತುದರಿಂದ. ಕದ ಕೆಟ್ಟರೆ ಕದವನ್ನು ಸರಿಮಾಡಿಸಬೇಕೋ ಬಾಗಿಲಿಗೆ ಗೋಡೆ ಕಟ್ಟಬೇಕೋ?

ಜಿಡ್ಡೇಕೆ ಕಟ್ಟಿತು? ಇದಕ್ಕೆ ನಮ್ಮ ಕಡೆಯ ದಾರಿಯೂ ಬಾಡಿಗೆಯ ರೀತಿಯೂ ಕಾರಣ. ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರು. ಎಂಜಿನು ಚೆನ್ನಾಗಿ ಕಾಯುವ ಹೊತ್ತಿಗೆ ಊರೇ ಬಂದುಬಿಡುತ್ತದೆ. ನಡುನಡುವೆ ಟ್ರ್ಯಾಕ್ಟರು, ಚಕ್ಕಡಿ, ಕುರಿಹಿಂಡು. ಸ್ಟ್ಯಾಂಡಿನಲ್ಲಿ ಮಂದಿ ತುಂಬುವ ತನಕ ಎಂಜಿನನ್ನು ಚಾಲೂ ಇಟ್ಟೇ ಕಾಯುವುದು. ಹೀಗೆ ತಣ್ಣಗೆ, ಹಗುರವಾಗಿ ಓಡುವಾಗಲೇ ಕವಾಟ ಹೆಚ್ಚು ತೆರೆದಿರುತ್ತದೆ. ಮಸಿ ಎಂಜಿನೆಣ್ಣೆಯ ಆವಿಯೊಡನೆ ಕೂಡಿ, ಹಳೆಯ ಅಡುಗೆಮನೆಯ ಮಾಡಿನ ಇಲ್ಲಣದಂತೆ ಅಂಟಿಕೊಳ್ಳುತ್ತದೆ. ಅದರ ಮೇಲೆ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಮಣ್ಣಿನ ಧೂಳು. ಬೇಸಿಗೆಯಲ್ಲಿ ಅದು ಹಿಟ್ಟಿನಂತೆ ಏಳುತ್ತದೆ; ಗಾಳಿಯ ಜಾಲರಿಯನ್ನು ಕಟ್ಟಿಹಾಕಿ ಎಂಜಿನಿನ ಉಸಿರನ್ನು ಹಿಡಿಯುತ್ತದೆ; ಮಸಿ ಮತ್ತೂ ಹೆಚ್ಚುತ್ತದೆ. ಜಾಲರಿಯನ್ನು ಪುಸ್ತಕದಲ್ಲಿ ಬರೆದುದಕ್ಕಿಂತ ಬೇಗ ಬದಲಿಸುವುದು, ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು, ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಎಂಜಿನನ್ನು ಕಾಯಿಸಿ ಓಡಿಸುವುದು, ಸ್ಟ್ಯಾಂಡಿನಲ್ಲಿ ಆರಿಸಿ ನಿಲ್ಲಿಸುವುದು, ಇಷ್ಟರಿಂದಲೇ ಕವಾಟದ ಆಯುಸ್ಸು ಎಷ್ಟೋ ಹೆಚ್ಚುತ್ತದೆ.

ಪೆಟ್ರೋಲು ಗಾಡಿಯವರು ತಮಗೆ ಇದು ಸಂಬಂಧಿಸಿಲ್ಲವೆಂದು ಪುಟ ತಿರುಗಿಸಬಾರದು. ಪೆಟ್ರೋಲು ಎಂಜಿನಿನಲ್ಲೂ ಇದೇ ಆಕ್ಸೈಡುಗಳು ಹುಟ್ಟುತ್ತವೆ. ಆದರೆ ಅಲ್ಲಿ ಇಂಧನವೂ ಗಾಳಿಯೂ ಅಳತೆಗೆ ಸರಿಯಾಗಿ, ಅಂದರೆ ತೂಕದಲ್ಲಿ ಒಂದಕ್ಕೆ ಸುಮಾರು 14.7ರಂತೆ ಬೆರೆಯುವುದರಿಂದ, ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೇಪಿಸಿದ ಕ್ಯಾಟಲಿಟಿಕ್ ಕನ್ವರ್ಟರೆಂಬ ಪೆಟ್ಟಿಗೆಯೊಂದೇ ಮೂರು ಬಗೆಯ ವಿಷಗಳನ್ನೂ ಕಳೆದುಬಿಡುತ್ತದೆ. ಸೀಸ ಬೆರೆತ ಪೆಟ್ರೋಲಿಗೆ ಈ ಪೆಟ್ಟಿಗೆ ಬಾಳದು. ನಮ್ಮ ದೇಶದಲ್ಲಿ 2000ನೆಯ ಇಸವಿಯಲ್ಲಿ ಸೀಸವನ್ನು ಪೂರ್ತಿಯಾಗಿ ತೆಗೆಯಲಾಯಿತು. ಡೀಸೆಲ್ ಎಂಜಿನು ಯಾವಾಗಲೂ ಬೇಕಾದುದಕ್ಕಿಂತ ಹೆಚ್ಚು ಗಾಳಿಯಲ್ಲಿ ಉರಿಯುವುದರಿಂದ ಆ ಪೆಟ್ಟಿಗೆಯ ಮೂರನೆಯ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಆದುದರಿಂದಲೇ ಡೀಸೆಲ್ಲಿಗೆ ಇಜಿಆರ್ ಜೀವಾಳ.

ಈ ಕಾಣದ ಅನಿಲದ ಮೇಲೆ ಮೊದಲು ಬೆರಳಿಟ್ಟವನ ಕಥೆ ಸ್ವಾರಸ್ಯವಾದುದು. ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ 1943ರ ಬೇಸಗೆಯಿಂದ ಕಣ್ಣುರಿಸುವ ಮಬ್ಬು ಕವಿಯತೊಡಗಿತು. ಕಾರಖಾನೆಗಳನ್ನು ಬೈದರು, ಕಸ ಸುಡುವವರನ್ನು ಬೈದರು. ಅಲ್ಲಿನ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅನಾನಸಿನ ಪರಿಮಳವನ್ನು ಬಿಡಿಸಿ ನೋಡುತ್ತಿದ್ದ ಹಾಲೆಂಡ್ ಮೂಲದ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿತ್ ಆ ಮಬ್ಬನ್ನೂ ಹಾಗೆಯೇ ಬಿಡಿಸಿ ನೋಡಿದ. ಮೋಟಾರುಗಳಿಂದ ಹೊರಬಿದ್ದ, ಅರೆಬೆಂದ ಇಂಧನದ ಆವಿಯೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆಂದು ಓಝೋನ್ ಮುಂತಾದುವು ಹುಟ್ಟುತ್ತವೆಂದು 1950ರ ಸುಮಾರಿಗೆ ತೋರಿಸಿಕೊಟ್ಟ. ಕಾರುಗಳಿಗೆ ಇಜಿಆರ್ ಬಂದುದು ಆ ಅರಿವಿನ ಫಲವಾಗಿ, 1970ರ ಕಾನೂನಿನ ತರುವಾಯ.

ಲಾಸ್ ಏಂಜಲಿಸಿನ ಗೋಷ್ಠಿ ಅಣ್ಣಿಗೇರಿಯ ಹೊಲಕ್ಕೇಕೆ ಎಂದೀರಿ. ಬಿಸಿಲು ಬೇಕಾದ ಅಡುಗೆ ಇದು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಪೇಟೆಯಲ್ಲಿ ಹುಟ್ಟಿದ ಅನಿಲ ಗಾಳಿಯೊಡನೆ ಸಾಗುತ್ತ ಬೇಯುವುದರಿಂದ ಓಝೋನಿನ ಪ್ರಮಾಣ ಎಷ್ಟೋ ವೇಳೆ ಪೇಟೆಯ ನಡುವಿಗಿಂತ ಗಾಳಿ ಬೀಸುವ ದಿಕ್ಕಿನ ಹಳ್ಳಿಗಾಡಿನಲ್ಲೇ ಹೆಚ್ಚಾಗಿರುತ್ತದೆಂದು ಜಗತ್ತಿನ ಹಲವು ಕಡೆ ಅಳೆದು ಕಂಡುಕೊಂಡಿದ್ದಾರೆ. ಅದು ಎಲೆಗಳ ರಂಧ್ರಗಳನ್ನು ಹೊಕ್ಕು ಪೈರಿನ ಇಳುವರಿಯನ್ನು ಕುಗ್ಗಿಸುತ್ತದೆ. ಗೋದಿ, ಸೋಯಾ, ಹತ್ತಿ ಇದಕ್ಕೆ ಸೋಲುವ ಬೆಳೆಗಳು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಗೆ ಕರ್ನಾಟಕದಿಂದ ಸೇರಿದ ನಾಲ್ಕು ನಗರಗಳಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ಆದರೆ ಅಲ್ಲಿಯ ಮಾತೆಲ್ಲ ಧೂಳಿನದು. ಹೊಲದ ಮೇಲಣ ಗಾಳಿಯನ್ನು ಯಾರೂ ಪಟ್ಟಿಮಾಡಿಲ್ಲ.

ಇನ್ನು ಪರೀಕ್ಷೆಯ ವಿಷಯ. “ಹೊಗಿ ಟೆಸ್ಟಿನ್ಯಾಗ ಪಾಸ್ ಆಕ್ಕೈತ್ರಿ” ಎಂದು ಮಿಸ್ತ್ರಿ ಭರವಸೆ ಕೊಟ್ಟಿದ್ದ. ಅದೂ ನಿಜವೇ. ನಮ್ಮ ಮಾಲಿನ್ಯ ತಪಾಸಣೆಯ ಕೇಂದ್ರಗಳಲ್ಲಿ ಡೀಸೆಲ್ ಗಾಡಿಯ ಹೊಗೆಯ ದಟ್ಟಣೆಯನ್ನು ನೋಡುತ್ತಾರೆ. ಪೆಟ್ರೋಲು ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡನ್ನೂ ಉರಿಯದ ಇಂಧನವನ್ನೂ ಅಳೆಯುತ್ತಾರೆ. ಸಾರಜನಕದ ಆಕ್ಸೈಡುಗಳನ್ನು ಅಳೆಯುವ ಪದ್ಧತಿಯಿಲ್ಲ. ಹಲಗೆ ಹಾಕಿದ ಗಾಡಿ ಹಾಕದ ಗಾಡಿಗಿಂತ ಹೆಚ್ಚು ಅಂಕ ಪಡೆದು ತೇರ್ಗಡೆಯಾದರೂ ಆದೀತು! ಹಾಗೆಂದು ಅಳೆಯುವ ವಿದ್ಯೆ ಈ ಜಿಲ್ಲೆಗೆ ತಿಳಿಯದೆಂದಲ್ಲ. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನ (ಈಗ ಅದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ) ಬನಪೂರಮಠ, ತೇವಾರಿ, ಹೊಸಮಠರು ಹೊಂಗೆ, ಕಾಡುಹರಳು, ಎಳ್ಳುಗಳ ಎಣ್ಣೆಯಿಂದ ಮಾಡಿದ ಇಂಧನದಲ್ಲಿ ಡೀಸೆಲ್ ಎಂಜಿನನ್ನು ಓಡಿಸಿ, ಹೊಗೆಯ ಜೊತೆಗೆ ಈ ಕಾಣದ ಆಕ್ಸೈಡುಗಳನ್ನೂ ಅಳೆದು 2008ರಲ್ಲಿ ಪ್ರಕಟಿಸಿದ್ದಾರೆ. ಮೂರರಲ್ಲಿ ಎಳ್ಳೇ ಮೇಲೆಂದು ಅವರಿಗೆ ಕಂಡುಬಂತು. ಸಂಕ್ರಾಂತಿಯ ಎಳ್ಳನ್ನು ಎಂಜಿನಿಗೆ ಸುರಿಯುವ ಶ್ರೀಮಂತಿಕೆ ಯಾರಿಗುಂಟೋ ತಿಳಿಯದು. ಪ್ರಯೋಗಶಾಲೆಯಲ್ಲಿ ಅಳೆಯುವ ವಸ್ತುವನ್ನು ರಸ್ತೆಯ ಬದಿಯ ತಪಾಸಣೆಯಲ್ಲಿ ಕೇಳುವವರಿಲ್ಲವೆಂಬುದಷ್ಟೇ ನನ್ನ ಮಾತು.

ಪರೀಕ್ಷೆಗೊಂದು ನಡತೆ, ರಸ್ತೆಗೊಂದು ನಡತೆ ಎಂಬುದು ಸಣ್ಣ ಮಿಸ್ತ್ರಿಗಳ ಸೊತ್ತೇನಲ್ಲ. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಕೆಲವು ಯುವಕರು ಡೀಸೆಲ್ ಕಾರುಗಳ ಹಿಂಬದಿಗೆ ಅಳೆಯುವ ಯಂತ್ರಗಳನ್ನು ಕಟ್ಟಿಕೊಂಡು ರಸ್ತೆಗಿಳಿದರು. ಅವರಲ್ಲೊಬ್ಬರು ನಮ್ಮ ಬೆಂಗಳೂರಿನ ಹೇಮಂತ ಕಪ್ಪಣ್ಣ. ಪ್ರಯೋಗಶಾಲೆಯ ಉರುಳೆಗಳ ಮೇಲೆ ಸಾಧುವಾಗಿದ್ದ ಫೋಕ್ಸ್‌ವ್ಯಾಗನ್ ಜೆಟ್ಟಾ ರಸ್ತೆಯ ಮೇಲೆ ಮಿತಿಯ 15ರಿಂದ 35 ಪಟ್ಟು ಸಾರಜನಕದ ಆಕ್ಸೈಡುಗಳನ್ನು ಕಾರುತ್ತಿತ್ತು. ತಮ್ಮ ಯಂತ್ರವೇ ಕೆಟ್ಟಿದೆಯೆಂದು ಅವರು ಮೊದಲು ಶಂಕಿಸಿದ್ದರಂತೆ. 2015ರ ಸೆಪ್ಟೆಂಬರಿನಲ್ಲಿ ಗುಟ್ಟು ಬಯಲಾಯಿತು. ತಾನು ಪರೀಕ್ಷೆಯಲ್ಲಿದ್ದೇನೆಂದು ಕಾರಿನ ಗಣಕ ಯಂತ್ರ ಗುರುತಿಸಿ ಆಗ ಮಾತ್ರ ಮಾಲಿನ್ಯ ತಡೆಯುವ ಏರ್ಪಾಡುಗಳನ್ನು ಪೂರ್ಣವಾಗಿ ನಡೆಸುತ್ತಿತ್ತು. ಜಗತ್ತಿನಲ್ಲಿ ಇಂಥ ಕಾರುಗಳು ಒಂದು ಕೋಟಿ ಹತ್ತು ಲಕ್ಷ. ಭಾರತದಲ್ಲಿ ಹಿಂದಕ್ಕೆ ಕರೆಸಿಕೊಂಡುವು 3.23 ಲಕ್ಷ. ದೊಡ್ಡ ಕಂಪನಿ ಗುಪ್ತ ಲಿಪಿಯಿಂದ ಮಾಡಿದುದನ್ನು ನಮ್ಮ ಗ್ಯಾರೇಜು ತಗಡಿನ ತುಂಡಿನಿಂದ ಮಾಡುತ್ತದೆ, ಅಷ್ಟೇ ಅಂತರ. ಕಾನೂನಿನ ಕಣ್ಣಿಗೆ ಇದೂ ಅಪರಾಧವೇ. ಕಾರಖಾನೆಯವರು ಮಾಡಿದ ರೀತಿಯಿಂದ ಗಾಡಿಯನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾನೂನಿನ 52ನೆಯ ಕಲಮು ಹೇಳುತ್ತದೆ. ಮಾಲಿನ್ಯದ ಮಿತಿ ಮೀರಿದ ಗಾಡಿಗೆ 2019ರ ತಿದ್ದುಪಡಿಯ ಮೇಲೆ ಹತ್ತು ಸಾವಿರ ರೂಪಾಯಿಯವರೆಗೆ ದಂಡವುಂಟು. ಆದರೆ ಬಾನೆಟ್ಟು ಎತ್ತಿ ನೋಡುವವರಾರು?

2020ರ ಏಪ್ರಿಲ್ ಒಂದರಿಂದ ಬಂದ ಭಾರತ್ ಸ್ಟೇಜ್ ಆರರ ಗಾಡಿಗಳಲ್ಲಿ ಬಿಗಿ ಹೆಚ್ಚು. ನಮ್ಮ ಹುಡುಗನದರಂತಹ ನಾಲ್ಕನೆಯ ಹಂತದ ಸಾಧಾರಣ ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.25 ಗ್ರಾಂ ಇದ್ದ ಮಿತಿ 0.08ಕ್ಕೆ ಇಳಿಯಿತು. ಮಸಿಯನ್ನು ಹಿಡಿಯುವ ಜಾಲರಿ ಬಂತು. ಕೆಲವು ಗಾಡಿಗಳಿಗೆ ಯೂರಿಯಾ ದ್ರಾವಣದ ಪ್ರತ್ಯೇಕ ಟಾಂಕಿಯೂ ಬಂತು. ಈ ಯೂರಿಯಾದ ವಿಷಯದಲ್ಲಿ ಒಂದು ಎಚ್ಚರಿಕೆ. ಮನೆಯ ಪಡಸಾಲೆಯಲ್ಲೇ ಚೀಲ ಇದೆಯಲ್ಲ, ನೀರಿನಲ್ಲಿ ಕಲಸಿ ಹೊಯ್ದರಾಯಿತೆಂದು ಯೋಚಿಸುವ ಜಾಣರು ನಮ್ಮಲ್ಲಿದ್ದಾರೆ. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವಿರುತ್ತದೆ, ಬೇರೆ ಕಲ್ಮಷಗಳೂ ಇರುತ್ತವೆ. ಗಾಡಿಗೆ ಬೇಕಾದುದು ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ ಇರುವ ದ್ರಾವಣ. ಗೊಬ್ಬರ ಹೊಯ್ದರೆ ಉಳಿಯುವ ನೂರಾರು ರೂಪಾಯಿಗೆ ಬದಲಾಗಿ ಹಾಳಾಗುವುದು ಹತ್ತಾರು ಸಾವಿರದ ಸಾಮಾನು.

ಆ ಸಂಜೆ ನಾನು ಇಷ್ಟೆಲ್ಲ ಹೇಳಿ ಮುಗಿಸಿದಾಗ ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಎರಡೂವರೆ ಸಾವಿರವೂ ಒಂದು ದಿನದ ದುಡಿಮೆಯೂ ಅವನಿಗೆ ಸಣ್ಣ ಲೆಕ್ಕವಲ್ಲ. ಉಪದೇಶ ಮಾಡಿದ ಕಾಕಾನಿಗೆ ಬಾಡಿಗೆಯ ಚಿಂತೆ ಇಲ್ಲವೆಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಕಡೆಗೆ ಮಾತನಾಡಿದವರು ವೈನಿ. “ತೊಳಿಸೇ ಹಾಕ್ಸು. ಮುಂಜಾನೆ ಗಾಡಿನ ಅಂಗಳದಾಗ ಚಾಲೂ ಮಾಡಬ್ಯಾಡ, ನೂಕಿ ಅಗಸಿತನಕ ಒಯ್ದು ಚಾಲೂ ಮಾಡ್ಕೋ. ಇಳಕಲಽ ಅದಲ್ಲ?”

ಮರುದಿನ ಕವಾಟವನ್ನೂ ಅದರ ಕೊಳವೆಯನ್ನೂ ತೊಳೆಸಿದ್ದಾಯಿತು. ಕೆರೆದು ತೆಗೆದ ಮಸಿ ಅರ್ಧ ಡಬ್ಬಿ ತುಂಬಿತು. ಗಾಡಿ ಏರಿನಲ್ಲಿ ಎಳೆಯುತ್ತಿದೆ, ಹೊಗೆ ತೆಳುವಾಗಿದೆ ಎಂದು ಈಚೆಗೆ ಫೋನಿನಲ್ಲಿ ತಿಳಿಸಿದ. ಕೂಸಿನ ಉಬ್ಬಸ ಮಾಯವಾಯಿತೆಂದು ಬರೆದರೆ ಇದು ಈ ಪತ್ರಿಕೆಯ ಧಾರಾವಾಹಿಯಾದೀತು. ಹಾಗೇನೂ ಆಗಿಲ್ಲ, ಮೋಡ ಕವಿದ ದಿನಗಳಲ್ಲಿ ಇಂದಿಗೂ ಬರುತ್ತದೆ. ಮಿಸ್ತ್ರಿಗೆ ಮಾತ್ರ ನಮ್ಮ ನಿರ್ಧಾರ ಹಿಡಿಸಲಿಲ್ಲ. ಹಣ ಎಣಿಸಿಕೊಳ್ಳುತ್ತ ಅವನು ಆಗಲೇ ಅಳತೆಗೆ ಕತ್ತರಿಸಿ ಇಟ್ಟಿದ್ದ ತಗಡಿನ ಹಲಗೆಯನ್ನು ಕಪಾಟಿನ ಮೇಲಿಟ್ಟು ಹೇಳಿದ: “ಇರ್ಲಿ ಬಿಡ್ರಿ, ವ್ಯರ್ಥ ಏನೂ ಹೋಗೂದಿಲ್ಲ. ನಾಳೆ ನವಲಗುಂದದ ಗಾಡಿ ಒಂದು ಬರೂದೈತಿ.”